ಸರಿಯಾದ ರಕ್ತ

ಹತ್ತಿಯನ್ನು ಸ್ಪಿರಿಟ್ಟಿನಲ್ಲಿ ಅದ್ದಿ ಅವಳು ಆ ತಣ್ಣಗಿನ ಬೆರಳನ್ನು ಮೂರನೇ ಸಲ ಉಜ್ಜಿದಳು. ಉಗುರಿನ ಸಂದಿಯ ನೇರಳೆ ಬಣ್ಣ ಜಪ್ಪಯ್ಯ ಅಂದರೂ ಬಿಡಲಿಲ್ಲ. ಮೂವತ್ತು ವರ್ಷ ಆಸ್ಪತ್ರೆಯ ಲ್ಯಾಬಿನಲ್ಲಿ ಗಾಜಿನ ಸ್ಲೈಡುಗಳಿಗೆ ಬಣ್ಣ ಹಾಕಿದ ಬೆರಳು ಅದು.

"ಬಿಡು ಮಗಳೇ," ಎಂದರು ಅತ್ತೆ. "ಬದುಕಿದ್ದಾಗಲೇ ಹೋಗಿರಲಿಲ್ಲ."

ತೀರಿಕೊಂಡ ಯಜಮಾನರನ್ನು ಲ್ಯಾಬಿನಲ್ಲಿ ಎಲ್ಲರೂ ಸೂಜಿಮಾಮ ಎನ್ನುತ್ತಿದ್ದರು. ಹಾಗಾಗಿ ಅವರ ಹೆಂಡತಿ ಅವಳಿಗೆ ಅತ್ತೆ. ಬೇರೆ ನಂಟೇನೂ ಇಲ್ಲ. ಹನ್ನೊಂದು ವರ್ಷ ಒಂದೇ ಮೇಜಿನಲ್ಲಿ ಅವರ ಪಕ್ಕ ಕೂತು ಕೆಲಸ ಕಲಿತವಳು, ಅಷ್ಟೆ.

ಬೆಳಗಿನಿಂದ ಅತ್ತೆ ಬಂದವರಿಗೆಲ್ಲ ಒಂದೇ ಮಾತು ಹೇಳುತ್ತಿದ್ದರು. ಕಪಾಟು ಸರಿಸಿಕೊಡಿ ಎಂದು ತಾನೇ ಪೀಡಿಸಿದ್ದು, ಅದನ್ನು ತಳ್ಳುವಾಗಲೇ ಬೆನ್ನುಮೂಳೆ ಮುರಿದದ್ದು, ಮೂರೇ ವಾರದಲ್ಲಿ ಮನುಷ್ಯ ಮುಗಿದುಹೋದದ್ದು. ಕೈಯಾರೆ ಕೊಂದೆ ಎನ್ನುವಾಗ ಅವರ ಕಣ್ಣಲ್ಲಿ ನೀರೂ ಇರಲಿಲ್ಲ. ಮೂಳೆಯೊಳಗೆ ರಕ್ತ ಹುಟ್ಟಿಸುವ ಜೀವಕೋಶಗಳೇ ಕ್ಯಾನ್ಸರಿನಿಂದ ಕೆಟ್ಟು ಮೂಳೆ ಟೊಳ್ಳಾಗಿತ್ತೆಂದು ಡಾಕ್ಟರು ಎಷ್ಟು ಬಿಡಿಸಿ ಹೇಳಿದರೂ ಅವರ ತಲೆಗೆ ಹೋಗಿರಲಿಲ್ಲ. ಅತ್ತೆಗೆ ಗೊತ್ತಿಲ್ಲದ್ದು ಅವಳಿಗೆ ಗೊತ್ತಿತ್ತು.

*

ಲ್ಯಾಬಿನ ದಿನ ಶುರುವಾಗುತ್ತಿದ್ದದ್ದೇ ಸೂಜಿಮಾಮನ ಬೆರಳಿನಿಂದ. ರೋಗಿಗಳ ರಕ್ತ ನೋಡುವ ಮೊದಲು, ಬಣ್ಣ ಸರಿಯಾಗಿದೆಯೇ ಎಂದು ತಿಳಿಯಲು, ಆರೋಗ್ಯವಂತರ ರಕ್ತದ ಒಂದು ಸ್ಲೈಡು ಬೇಕು. ಅವರು ತಮ್ಮ ಬೆರಳಿಗೇ ಚುಚ್ಚಿಕೊಂಡು, ಒಂದು ಹನಿಯನ್ನು ಗಾಜಿನ ಮೇಲೆ ತೆಳ್ಳಗೆ ಎಳೆದು, ಬಣ್ಣ ಹಾಕಿ ಮೈಕ್ರೋಸ್ಕೋಪಿನ ಕೆಳಗಿಡುತ್ತಿದ್ದರು. ಅವಳಿಗೆ ಪಾಠವಾದದ್ದೂ ಅದರ ಮೇಲೆಯೇ. ಕೆಂಪು ಕಣಕ್ಕೆ ಕೋಶಕೇಂದ್ರವಿಲ್ಲ, ತಲೆಯಿಲ್ಲದೆ ಹೊರೆ ಹೊರುವ ಕೂಲಿ ಅದು. ಬಿಳಿ ಕಣ ಕಾವಲುಗಾರ, ಬಂದವರ ಮೇಲೆಲ್ಲ ಅನುಮಾನ. ಜೀವಕೋಶ ಹುಟ್ಟುವುದು ಇನ್ನೊಂದು ಜೀವಕೋಶದಿಂದಲೇ, ಆಕಾಶದಿಂದ ಉದುರುವುದಿಲ್ಲ ಎಂದು ನಗುತ್ತಿದ್ದರು.

ನಾಲ್ಕು ತಿಂಗಳ ಹಿಂದೆ ಆ ಸ್ಲೈಡು ನೀಲಿಗಟ್ಟತೊಡಗಿತು. ಕೆಂಪು ಕಣಗಳು ಬಿಡಿಬಿಡಿಯಾಗಿ ನಿಲ್ಲದೆ ಒಂದಕ್ಕೊಂದು ಒರಗಿ ಸಾಲುಗಟ್ಟಿದವು. ಬಣ್ಣ ಕೆಟ್ಟಿದೆ ಎಂದಳು ಅವಳು. ಮಾಮನೂ ಬಗ್ಗಿ ನೋಡಿ ಹೌದೆಂದರು. ಸೀಸೆ ಚೆಲ್ಲಿ ಹೊಸದು ತರಿಸಿದರು, ನೀರು ಬದಲಾಯಿಸಿದರು, ಬಣ್ಣ ಮಾರಿದವನಿಗೆ ಹಿಗ್ಗಾಮುಗ್ಗಾ ಬೈದರು. ರೋಗಿಗಳ ಸ್ಲೈಡು ಚೆನ್ನಾಗಿ ಬಂದಾಗ, ಬೆಳಗಿನದನ್ನು ಅವಸರದಲ್ಲಿ ದಪ್ಪಗೆ ಎಳೆದೆವು ಎಂದುಕೊಂಡರು. ಸರಿಯಾದ ರಕ್ತ ಹೇಗಿರುತ್ತದೆಂದು ಅವಳು ಕಲಿತದ್ದೇ ಆ ರಕ್ತದಿಂದ. ಅದನ್ನೇ ಅನುಮಾನಿಸಬೇಕೆಂದು ಇಬ್ಬರಿಗೂ ಹೊಳೆಯಲಿಲ್ಲ.

*

ಶವ ಒಯ್ಯುವ ಗಾಡಿ ಬರಲು ಇನ್ನೂ ಅರ್ಧ ಗಂಟೆಯಿತ್ತು. ಗಂಡಸರೆಲ್ಲ ಹೊರಗೆ ನಿಂತಿದ್ದರು. ಇನ್ನು ತಡೆಯಲಾರೆ ಅನ್ನಿಸಿ ಅವಳು ಅತ್ತೆಯ ಪಕ್ಕ ಸರಿದಳು.

"ಅತ್ತೆ, ಕಪಾಟಿನಿಂದ ಆಗಿದ್ದಲ್ಲ. ನಾಲ್ಕು ತಿಂಗಳಿಂದ ಅವರ ರಕ್ತದಲ್ಲೇ ಇತ್ತು. ನಾನೇ ನೋಡ್ತಿದ್ದೆ. ಬಣ್ಣ ಕೆಟ್ಟಿದೆ ಅಂದ್ಕೊಂಡೆ."

"ದಿನಾ ನೋಡ್ತಿದ್ದೆಯಾ?"

"ದಿನಾ."

"ಅವರೂ ನೋಡಿದ್ರಾ?"

"ನೋಡಿದ್ರು. ಅವರೂ ಹಾಗೇ ಅಂದ್ರು."

ಅತ್ತೆ ಗಂಡನ ನೇರಳೆ ಉಗುರನ್ನು ಹೆಬ್ಬೆರಳಿನಿಂದ ಸವರಿದರು. "ಆಗಲೇ ಗೊತ್ತಾಗಿದ್ರೆ?" ಎಂದು ಆಮೇಲೆ ಕೇಳಿದರು. ಉಳಿಯುತ್ತಿದ್ದರೇನೋ, ಉಳಿಯುತ್ತಿರಲಿಲ್ಲವೇನೋ. ಯಾರಿಗೆ ಗೊತ್ತು?

ಅಷ್ಟರಲ್ಲಿ ಮಾಮನ ಅಕ್ಕ ಕೋಲೂರುತ್ತ ಒಳಗೆ ಬಂದರು. ತಮ್ಮನ ಮುಖ ನೋಡಿ, ಸೆರಗಿನಿಂದ ಕಣ್ಣೊರಸಿಕೊಂಡು, ಅವಳತ್ತ ತಿರುಗಿದರು.

"ನೀನು ಲ್ಯಾಬಿನವಳಲ್ವಾ? ಊರವರ ರಕ್ತ ಎಲ್ಲಾ ನೋಡ್ತೀರಿ. ಪಕ್ಕದಲ್ಲೇ ಕೂತಿದ್ದವನದು ಗೊತ್ತಾಗಲಿಲ್ವಾ ನಿಂಗೆ?"

ಅವಳು ಬಾಯಿ ತೆರೆದಳು. ಅಷ್ಟರಲ್ಲಿ ಅತ್ತೆ ಅವಳ ಮಣಿಕಟ್ಟನ್ನು ಹಿಡಿದುಕೊಂಡರು.

"ಅವಳಿಗೇನು ಗೊತ್ತು ಅತ್ತಿಗೆ," ಎಂದರು. "ಕಪಾಟು ಸರಿಸಿ ಅಂತ ಹೇಳಿದ್ದು ನಾನು."

ಮತ್ತೆ ಮೊದಲಿನಿಂದ ಹೇಳತೊಡಗಿದರು. ಹೇಳುತ್ತ ಹೇಳುತ್ತ ಅವರ ಉಗುರುಗಳು ಅವಳ ಚರ್ಮದೊಳಕ್ಕೆ ಇಳಿಯುತ್ತಿದ್ದವು. ಅವಳು ಕೈ ಎಳೆದುಕೊಳ್ಳಲಿಲ್ಲ.