ಕರೆದರೆ ಓಗೊಡದ ಕೆಂಚಕ್ಕ

ಹೆಸರು ಹಿಡಿದು ಕರೆದರೆ ಕೆಂಚಕ್ಕ ಓಗೊಡುವುದಿಲ್ಲ. ಕಿವಿ ಮಂದವಾಗಿದೆ ಎಂದುಕೊಂಡರೆ ತಪ್ಪು. ಹರಿಹರದ ಹೊಳೆದಂಡೆಯಲ್ಲಿ ಬಗ್ಗಿ ಸೊಪ್ಪು ಕೊಯ್ಯುವಾಗ ಹಿಂದಿನಿಂದ ಯಾರಾದರೂ ಬರಿಗಾಲಲ್ಲಿ ಬಂದರೂ ಆಕೆಗೆ ಗೊತ್ತಾಗುತ್ತದೆ. ಆದರೆ "ಕೆಂಚಕ್ಕಾ" ಎಂದು ಕೂಗಿದಿರೋ, ಆ ಹೆಸರಿನವಳು ಬೇರೆ ಯಾರೋ ಇರಬೇಕೆಂಬಂತೆ ಆಕೆಯೂ ನಿಮ್ಮೊಡನೆ ಸುತ್ತಮುತ್ತ ಹುಡುಕತೊಡಗುತ್ತಾಳೆ.

ಮೊದಲ ಭೇಟಿಯಲ್ಲಿ ನಾನು ಆಕೆಯನ್ನೇ ಕೇಳಿದ್ದೆ:

"ಕೆಂಚಕ್ಕ ಅನ್ನೋರು ಯಾರಮ್ಮ?"

"ಅವ್ರಿಂದ ಏನಾಗಬೇಕಿತ್ರಿ?"

"ಏನಿಲ್ಲ, ಸುಮ್ಮನೆ ಮಾತನಾಡಿಸೋಣ ಅಂತ."

"ಸುಮ್ನೆ ಮಾತಾಡ್ಸಾಕೆ ಇಲ್ಲಿಗೆ ಯಾರೂ ಬರಂಗಿಲ್ಲ ಬಿಡ್ರಿ. ಏನೋ ಐತೆ."

ಸೀರೆಯ ಮೇಲೆ ಆಕೆ ಸದಾ ತೊಡುತ್ತಿದ್ದುದು ಗಂಡನ ಖಾಕಿ ಕೋಟು. ಆತ ಕಾರ್ಖಾನೆಯೊಂದರ ಕಾವಲುಗಾರನಾಗಿದ್ದು ಎಂದೋ ತೀರಿಕೊಂಡವನು. ಆ ಕೋಟಿನ ಜೇಬುಗಳ ಬಾಯನ್ನು ಆಕೆ ದಪ್ಪ ದಾರದಿಂದ ಹೊಲಿದುಬಿಟ್ಟಿದ್ದಳು. ಯಾರಾದರೂ ಏನನ್ನಾದರೂ ತುರುಕಿ ಆಮೇಲೆ ಕಳ್ಳಿ ಎಂದರೆ ಗತಿಯೇನು ಎಂಬುದು ಆಕೆಯ ತರ್ಕ. ನಡೆಯುವಾಗ ಗೋಡೆ ಬಿಟ್ಟು ನಡೆಯಳು. ಹಿಂದೆ ಯಾರಾದರೂ ಬರುತ್ತಿದ್ದರೆ ನಿಂತು, ಸೆರಗು ಸರಿಪಡಿಸುವ ನೆವದಿಂದ ಅವರನ್ನು ಮುಂದೆ ಕಳಿಸಿಯೇ ಹೆಜ್ಜೆಯಿಡುವಳು.

ಸೊಸೆ ಶಾಂತಲಾಳ ಮೇಲಂತೂ ಆಕೆಯ ಸಂಶಯಕ್ಕೆ ಬಿಡುವೇ ಇರಲಿಲ್ಲ. ಸಾರಿಗೆ ಉಪ್ಪು ಹೆಚ್ಚಾದರೆ ಯಾರ ಮೇಲಿನ ಸಿಟ್ಟು ಎನ್ನುವಳು, ಕಡಿಮೆಯಾದರೆ ಯಾರಿಗೆ ಉಳಿಸಿದೆ ಎನ್ನುವಳು. ಶಾಂತಲಾ ನಗುನಗುತ್ತಲೇ, "ನಮ್ಮತ್ತಿ ನಿದ್ದ್ಯಾಗೂ ಒಂದು ಕಣ್ಣು ನನ್ನ ಮ್ಯಾಲೆ ಇಟ್ಟಿರ್ತಾರೆ ಸಾರ್, ಇನ್ನೊಂದು ನನ್ನ ಡಬ್ಬಿ ಮ್ಯಾಲೆ" ಎನ್ನುತ್ತಿದ್ದಳು.

ಈ ಸ್ವಭಾವ ಹುಟ್ಟಿನಿಂದ ಬಂದದ್ದಲ್ಲ. ಆರು ವರ್ಷಗಳ ಹಿಂದೆ ತುಂಗಭದ್ರೆ ಉಕ್ಕಿ ಆ ದಂಡೆಯ ಓಣಿ ಮುಳುಗಿದಾಗ, ಎರಡು ತಿಂಗಳಲ್ಲಿ ಮನೆ ಕೊಡುತ್ತೇವೆಂದು ಹೇಳಿ ಅವರನ್ನೆಲ್ಲ ಊರಾಚೆಯ ಬಯಲಿನ ತಗಡಿನ ಶೆಡ್ಡುಗಳಿಗೆ ಸಾಗಿಸಿದರು. ಮರುವರ್ಷ ಯಾರೋ ಬಂದು ಹೆಸರು ಕೂಗಿದರು. ಓಗೊಟ್ಟವರನ್ನು ಟ್ರ್ಯಾಕ್ಟರಿಗೆ ಹತ್ತಿಸಿ, ಕಡರನಾಯಕನಹಳ್ಳಿಯ ದಾರಿಯಲ್ಲಿ ಒಂದು ಬರಿಯ ಹೊಲದಲ್ಲಿ ಇಳಿಸಿ, ಇದೇ ನಿಮ್ಮ ಜಾಗ ಎಂದರು. ಅಲ್ಲಿ ಕಲ್ಲೂ ಇಲ್ಲ, ನೀರೂ ಇಲ್ಲ. ಸಂಜೆಗೆ ನಡೆದು ಹಿಂತಿರುಗುವಷ್ಟರಲ್ಲಿ ಅವರ ಶೆಡ್ಡುಗಳಲ್ಲಿ ಬೇರೆಯವರ ಒಲೆ ಉರಿಯುತ್ತಿತ್ತು. ಮೊದಲು ಓಗೊಟ್ಟವಳು ಕೆಂಚಕ್ಕ. ಮತ್ತೊಂದು ತಗಡು ಸಿಗುವವರೆಗೆ ಆಕೆಯ ಸಂಸಾರ ಎತ್ತಿನ ಗಾಡಿಯೊಂದರ ಕೆಳಗೆ ದಿನ ಕಳೆಯಬೇಕಾಯಿತು. ಅಂದಿನಿಂದ ಆ ಬಯಲಿನಲ್ಲಿ ಒಂದು ಕಟ್ಟುಪಾಡು ಬೆಳೆಯಿತು: ಯಾರೇ ಕರೆಯಲಿ, ಮೊದಲು ಏಳಬಾರದು, ಇನ್ನೊಬ್ಬರು ಹೋಗಿ ಕ್ಷೇಮವಾಗಿ ಮರಳಿದ ಮೇಲೆ ಏಳಬೇಕು.

ದಾವಣಗೆರೆಯ ಪಿ.ಜೆ. ಬಡಾವಣೆಯ ನಾವು ಕೆಲವು ನಿವೃತ್ತರು ತಿಂಗಳಿಗೊಂದು ಒಳ್ಳೆಯ ಚಿತ್ರ ತೋರಿಸುವ ಕೂಟವೊಂದನ್ನು ನಡೆಸುತ್ತೇವೆ. ಒಮ್ಮೆ ಆ ಬಯಲಿನಲ್ಲಿಯೇ ಪರದೆ ಕಟ್ಟಿದೆವು. ಯುದ್ಧ ಮುಗಿದ ಮೇಲೆ ದೋಣಿಯೇರಿ ದೇಶ ಬಿಟ್ಟ ವಿಯೆಟ್ನಾಮಿನ ಜನ, ಪರದೇಶದ ಶಿಬಿರವೊಂದರ ಬೇಲಿಯೊಳಗೆ, ತಮ್ಮನ್ನು ಯಾವ ದೇಶ ಕರೆದುಕೊಂಡೀತು ಎಂದು ಕಾಯುವ ಕಥೆ. ನಮ್ಮ ಕೂಟದ ಬಟ್ಟೆ ವ್ಯಾಪಾರಿ ಶಿವಮೂರ್ತಪ್ಪನವರು, "ಕುಣಿತ ಇಲ್ಲ, ಹೊಡೆದಾಟ ಇಲ್ಲ, ಯಾರು ಕೂಡ್ತಾರೆ ಮೇಷ್ಟ್ರೇ?" ಎಂದು ಗೊಣಗಿದರೂ ಚಿತ್ರ ತೋರಿಸುವ ಯಂತ್ರವನ್ನು ತಾವೇ ಹೊತ್ತು ತಂದರು. ಪರದೆಯ ಪಕ್ಕದಲ್ಲಿ ನಿಂತು ಮಾತುಗಳನ್ನು ಕನ್ನಡದಲ್ಲಿ ಹೇಳುವ ಕೆಲಸ ನನ್ನದು. ಸ್ವಲ್ಪ ಹೊತ್ತಿಗೆ ಕತ್ತಲೊಳಗಿನಿಂದ ಕೆಂಚಕ್ಕನ ದನಿ ಬಂತು:

"ಮೇಷ್ಟ್ರೇ, ಆ ಯಪ್ಪ ಅಷ್ಟುದ್ದ ಮಾತಾಡಿದ. ನೀವು ಒಂದೇ ಮಾತಿಗೆ ಮುಗಿಸಿದ್ರಿ. ಉಳಿದದ್ದು ಎಲ್ಲಿ ಇಟ್ಕೊಂಡ್ರಿ?"

ಜನ ನಕ್ಕರು. ಆದರೆ ಚಿತ್ರದ ಆ ಶಿಬಿರದ ಧ್ವನಿವರ್ಧಕದಲ್ಲಿ ಒಬ್ಬ ತಾಯಿಯ ಹೆಸರು ಬಂದು, ಆಕೆ ಗಂಟು ಹಿಡಿದು ಬಸ್ಸಿಗೆ ಓಡಿ, ಮಗನ ಹೆಸರು ಬರುವ ಮೊದಲೇ ಬಸ್ಸು ಹೊರಟಾಗ ಯಾರೂ ನಗಲಿಲ್ಲ. "ಹೋಗಬ್ಯಾಡವ್ವಾ, ಇಳಿ!" ಎಂದು ಕೆಂಚಕ್ಕ ಎದ್ದು ನಿಂತು ಕೂಗಿದಳು. ಚಿತ್ರ ಮುಗಿದ ಮೇಲೆ ನನ್ನ ಹತ್ತಿರ ಬಂದು, "ಆ ಹುಡುಗ ಏನಾದ?" ಎಂದಳು.

"ಚಿತ್ರದಲ್ಲಿ ಅದನ್ನು ಹೇಳಿಲ್ಲಮ್ಮ."

"ಹೇಳಂಗಿಲ್ಲ. ಕರೆಯೋರು ಅದೊಂದನ್ನ ಯಾವತ್ತೂ ಹೇಳಂಗಿಲ್ಲ."

ಕೆಲವು ತಿಂಗಳ ನಂತರ, ದಾವಣಗೆರೆ ಪಕ್ಕದ ಆವರಗೆರೆಯ ಅಂಚಿನಲ್ಲಿ ಅವರಿಗೆಂದು ಮನೆಗಳು ನಿಜವಾಗಿಯೂ ಎದ್ದವು. ನಾನೇ ಹೋಗಿ ನೋಡಿ ಬಂದು ಹೇಳಿದೆ, ಯಾರೂ ನಂಬಲಿಲ್ಲ. "ನಿಮಗೆ ತೋರಿಸಿದ್ದು ನಮ್ಮವೇ ಅಂತ ಹೆಂಗೆ ಹೇಳ್ತೀರಿ?" ಎಂದಳು ಕೆಂಚಕ್ಕ. ಕೀಲಿ ಹಂಚುವ ದಿನ ಬಂತು. ಮೂರು ಸಲ ಕೂಗುತ್ತೇವೆ, ಏಳದವರ ಮನೆ ಬೇರೆ ಓಣಿಯವರಿಗೆ ಹೋಗುತ್ತದೆ ಎಂದು ಅಧಿಕಾರಿ ಮೊದಲೇ ಸಾರಿದರು. ಶಾಮಿಯಾನದ ಕೆಳಗೆ ಇಡೀ ಓಣಿ ಕೂತಿತ್ತು, ಒಬ್ಬರ ಮುಖ ಒಬ್ಬರು ನೋಡುತ್ತ.

ಮೊದಲ ಹೆಸರೇ ಕೆಂಚಕ್ಕನದು.

ಯಾರೂ ಅಲುಗಲಿಲ್ಲ. ಎರಡನೆಯ ಸಲ ಕೂಗಿದರು. ನಾನು ಪಕ್ಕದಿಂದ, "ಏಳಿ ತಾಯಿ, ಮನೆ ಹೋಗುತ್ತದೆ" ಎಂದೆ. ಆಕೆ ನನ್ನನ್ನು ಟ್ರ್ಯಾಕ್ಟರಿನವನನ್ನು ನೋಡುವಂತೆ ನೋಡಿ ಮುಖ ತಿರುಗಿಸಿದಳು. ಅಧಿಕಾರಿ ಮೂರನೆಯ ಸಲ ಬಾಯಿ ತೆರೆಯುವಷ್ಟರಲ್ಲಿ ಹಿಂದಿನ ಸಾಲಿನಿಂದ ಶಾಂತಲಾ ಎದ್ದು ಕೈಯೆತ್ತಿದಳು.

"ನಾನೇ ಸಾರ್ ಕೆಂಚಕ್ಕ. ಕೊಡ್ರಿ ಕೀಲಿ."

ಆಮೇಲೆ ನಡೆದದ್ದು ಕಣ್ಣಿಗೆ ಕಟ್ಟಿದಂತಿದೆ. ಕೂತಲ್ಲಿಂದ ಚಿಮ್ಮಿ ನಿಂತ ಕೆಂಚಕ್ಕ, "ಏ ಮನೆಮುರುಕಿ! ನೀನ್ಯಾವ ಊರಿನ ಕೆಂಚಕ್ಕ ಅದಿಯೇ? ಕೆಂಚಕ್ಕ ನಾನ್ರೀ ಸಾರ್! ನಾನೇ! ಈಕೆ ಶಾಂತಲಾ, ನನ್ನ ಸೊಸಿ. ಓಣಿಯವರನ್ನೆಲ್ಲ ಕೇಳ್ರಿ ಬೇಕಾದ್ರೆ!" ಎಂದು ಕೂಗುತ್ತ, ಗೋಡೆಯ ಆಸರೆಯಿಲ್ಲದ ಆ ಶಾಮಿಯಾನದ ನಟ್ಟನಡುವೆ ನಡೆದುಹೋಗಿ ಕೀಲಿಯನ್ನು ಕಸಿದುಕೊಂಡಳು. ಓಣಿಯೆಲ್ಲ ಒಮ್ಮೆಲೇ "ಹೌದ್ರೀ, ಆಕೀನ ಕೆಂಚಕ್ಕ" ಎಂದು ಸಾಕ್ಷಿ ನುಡಿಯಿತು. ಒಬ್ಬಳು ಎದ್ದಾಗಿತ್ತು, ಮುಂದಿನ ಹೆಸರಿಗೆ ಒಬ್ಬ ಅಳುಕುತ್ತ ಎದ್ದ, ಅದರ ಮುಂದಿನದಕ್ಕೆ ಇನ್ನೊಬ್ಬಳು.

ನಾನು ಶಾಂತಲಾಳನ್ನು ನೋಡಿದೆ. ಆಕೆ ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದಳು; ನಗುವೋ ಅಳುವೋ ತಿಳಿಯಲಿಲ್ಲ. "ಹಂಗ ಮಾಡದಿದ್ರೆ ಏಳ್ತಿರಲಿಲ್ಲ ಸಾರ್" ಎಂದಳು ಮೆಲ್ಲಗೆ. "ಸರ್ಕಾರದ ಮ್ಯಾಲಿನ ಅನುಮಾನಕ್ಕಿಂತ ನನ್ನ ಮ್ಯಾಲಿಂದು ಒಂದು ಕೈ ಮ್ಯಾಲೇ ಐತಿ."

ಈಚೆಗೆ ಆವರಗೆರೆಗೆ ಹೋಗಿದ್ದೆ. ಮನೆ ಗಟ್ಟಿಯಾಗಿದೆ, ನಲ್ಲಿಯಲ್ಲಿ ನೀರು ಬರುತ್ತದೆ. ಆದರೆ ಒಳಗೆ ಒಲೆ, ಎರಡು ಪಾತ್ರೆ, ಒಂದು ಚಾಪೆಯ ಹೊರತು ಬೇರೇನೂ ಇಲ್ಲ. ಉಳಿದ ಗಂಟುಗಳೆಲ್ಲ ಕಟ್ಟಿದಂತೆಯೇ ಬಾಗಿಲ ಬಳಿ ಸಾಲಾಗಿ ಕೂತಿವೆ. ಶಾಂತಲಾ ಒಂದನ್ನು ಬಿಚ್ಚಹೋದಳಂತೆ; ಅತ್ತೆ ಕೈಗೆ ಒಂದೇಟು ಕೊಟ್ಟಳಂತೆ.

ಕಾಯುವವರ ಜಾತಿಯೇ ಹೀಗೆ. ಸಮುದ್ರ ದಾಟಿ ಬೇಲಿಯೊಳಗೆ ಕೂತವರಾಗಲಿ, ಹೊಳೆಯಿಂದ ಎದ್ದು ತಗಡಿನ ಕೆಳಗೆ ಕೂತವರಾಗಲಿ, ಅವರಿಗೆ ಸೂರು ಕೊಡುವುದು ಯಾರೋ ಒಂದು ದಿನ ಮಾಡಿ ಮುಗಿಸಬಹುದಾದ ಕೆಲಸ. ಆ ಸೂರಿನ ಕೆಳಗೆ ಗಂಟು ಬಿಚ್ಚುವುದು ಮಾತ್ರ ಅವರೇ ಮಾಡಬೇಕಾದದ್ದು. ಅದಕ್ಕೆ ಎಷ್ಟು ಮಳೆಗಾಲ ಬೇಕೆಂದು ಕೇಳುವ ಹಕ್ಕು, ಅವರನ್ನು ಅಷ್ಟು ಕಾಲ ಕಾಯಿಸಿದ ನಮಗೆ ಇಲ್ಲ.