ಕುಬಸಕ್ಕೆ ಬಂದ ಕಂದು ಸೀರೆ

ಅಮೆರಿಕದ ಶುಗರ್ ಲ್ಯಾಂಡಿನ ಮನೆಯಲ್ಲಿ ಅಂದು ಸೊಸೆ ನೇಹಾಳ ಕುಬಸ, ಅಂದರೆ ಸೀಮಂತ. ಹತ್ತಕ್ಕೆ ಮುತ್ತೈದೆಯರು ಬರುವವರಿದ್ದರು. ಬಸುರಿಗೆ ಉಡಿಸಲು ಹಸಿರು ಸೀರೆ ತಾ ಎಂದು ಸುಮಿತ್ರವ್ವ ಮಗ ಕಲ್ಮೇಶನನ್ನು ಸ್ಟಾಫರ್ಡಿನ ಅಂಗಡಿಗೆ ಕಳಿಸಿದ್ದಳು. ಚೀಲ ಬಿಚ್ಚಿದರೆ ಒಳಗೆ ಕಂದು ಸೀರೆ. ಸುಮಿತ್ರವ್ವನ ಮೈಯೆಲ್ಲ ಉರಿದುಹೋಯಿತು.

“ಹಸರ ತಾ ಅಂದ್ರ ಮಣ್ಣ ಬಣ್ಣದ್ದು ತಂದೀಯಲ್ಲೋ! ಹೆಂಡ್ತಿ ಕುಬಸಂದ್ರ ನಿನಗ ಇಷ್ಟು ಹಗುರ ಆತೇನು?”

“ಹಸರ ಐತಲ್ಲ ಅವ್ವಾ.”

“ಮ್ಯಾಲೆ ಸುಳ್ಳು ಬ್ಯಾರೆ!”

ನೇಹಾ ಕಣ್ಣೊರೆಸಿಕೊಂಡಳು. ಅದನ್ನು ಕಂಡು ಕಲ್ಮೇಶ ಸೀರೆಯನ್ನು ಮಡಚಿಡತೊಡಗಿದ. ಚಿಕ್ಕಂದಿನಿಂದಲೂ ಬೈಸಿಕೊಂಡರೆ ಅವನು ವಾದಕ್ಕಿಳಿದವನಲ್ಲ.

ಅಡುಗೆಗೆ ನೆರವಾಗಲು ಬಂದಿದ್ದ ಪಕ್ಕದ ಮನೆಯ ಮಧುಶ್ರೀ ಕಣ್ಣಿನ ಡಾಕ್ಟರು. ಕಲ್ಮೇಶನ ಮಾತು ಕೇಳಿಸಿಕೊಂಡಿದ್ದ ಅವಳು ಫೋನಿನಲ್ಲಿ ಬಣ್ಣದ ಚುಕ್ಕಿಗಳ ಚಿತ್ರ ತೆಗೆದು ತಾಯಿ ಮಗನ ಮುಂದೆ ಹಿಡಿದಳು.

“ಏನು ಕಾಣ್ಸುತ್ತೆ ಆಂಟಿ?”

“ಎಂಟು. ಅಷ್ಟು ದೊಡ್ಡದು ಬರದಾರಲ್ಲ!”

“ನನಗ ಬರೇ ಚುಕ್ಕಿ” ಎಂದ ಕಲ್ಮೇಶ.

“ಕೆಲವರ ಕಣ್ಣಿಗೆ ಹಸಿರು, ಕಂದು, ಕೆಂಪು ಹೆಚ್ಚುಕಮ್ಮಿ ಒಂದೇ ಥರ ಕಾಣುತ್ತೆ ಆಂಟಿ. ಹುಟ್ಟಿನಿಂದಲೇ. ಗಂಡಸರಲ್ಲಿ ಜಾಸ್ತಿ. ಕ್ಲಿನಿಕ್‌ಗೆ ಬರ್ಲಿ, ಸರಿಯಾಗಿ ಟೆಸ್ಟ್ ಮಾಡ್ತೀನಿ.”

ಸುಮಿತ್ರವ್ವ ನಂಬಲಿಲ್ಲ. “ಮತ್ತ ಕಾರ್ ಹೆಂಗ ಹೊಡೀತಾನ? ಸಿಗ್ನಲ್ ಕಾಣೂದ ಬ್ಯಾಡ?”

“ಇಲ್ಲಿ ಸಿಗ್ನಲ್ ಅಡ್ಡ ಮಲಗಿರ್ತಾವಲ್ಲ ಅವ್ವಾ. ಎಡದ್ದು ಹತ್ತಿದ್ರ ನಿಂದರತೀನಿ, ಬಲದ್ದು ಹತ್ತಿದ್ರ ಹೊಂಡತೀನಿ. ಬಣ್ಣ ಯಾರ ನೋಡ್ತಾರ?”

“ನೋಡಿ, ಹೀಗೆ ಹೊಂದಿಕೊಂಡುಬಿಡ್ತಾರೆ” ಎಂದಳು ಮಧುಶ್ರೀ. “ಅದಕ್ಕೇ ಮನೆಯವರಿಗೂ ಗೊತ್ತಾಗಲ್ಲ.”

ಸುಮಿತ್ರವ್ವ ಕುರ್ಚಿಯಲ್ಲಿ ಕುಸಿದಳು. ಸಿಟ್ಟು ಇಳಿಯಲಿಲ್ಲ, ದಿಕ್ಕು ಬದಲಿಸಿತು.

“ಇವ ಮೂರನೇ ಕ್ಲಾಸಿನ್ಯಾಗ ಇದ್ದಾಗ ಎಲಿಗೆ ಕಂದು ಬಳದಾನಂತ ಮಾಸ್ತರ ಬಾಸುಂಡಿ ಬರೂಹಂಗ ಹೊಡದಿದ್ದ. ಅಳಕೋತ ಮನಿಗೆ ಬಂದ್ರ ನಾನೂ ಎರಡು ಕೊಟ್ಟೆ. ನಿನಗ ಹೆಂಗ ಕಾಣತೈತಿ ಅಂತ ಒಬ್ಬರರ ಕೇಳಿದಿವೇನು?”

ನೇಹಾ ಎದ್ದು, ಆ ಸೀರೆಯನ್ನೇ ಎತ್ತಿಕೊಂಡು ಒಳಗೆ ಹೋದಳು. ಉಟ್ಟು ಬಂದಾಗ ಮುತ್ತೈದೆಯರು ಬಂದಿದ್ದರು.

“ಕುಬಸಕ್ಕ ಕಂದು ಸೀರಿಯೇನ್ರಿ?” ಎಂದಳು ಒಬ್ಬಳು.

“ನನ್ನ ಮಗ ಹಸರ ಅಂತ ತಂದಾನ್ರಿ” ಎಂದಳು ಸುಮಿತ್ರವ್ವ ಗಟ್ಟಿಯಾಗಿ. “ಈ ಮನ್ಯಾಗ ಇವತ್ತು ಇದ ಹಸರ. ಉಡಿ ತುಂಬ್ರಿ!”

ತಾಯ್ತಂದೆಯರೇ, ಮಗು ಎಲೆಗೆ ಕಂದು ಬಳಿದರೆ ಕೈ ಎತ್ತಬೇಡಿ. ಶಾಲೆಗೆ ಸೇರಿಸುವಾಗಲೇ ಬಣ್ಣ ಗುರುತಿಸುವ ಪರೀಕ್ಷೆ ಮಾಡಿಸಿ. ಟೀಚರಿಗೆ ತಿಳಿಸಿ, ಬಣ್ಣದ ಪೆನ್ಸಿಲ್ಲುಗಳ ಮೇಲೆ ಬಣ್ಣದ ಹೆಸರು ಬರೆದುಕೊಡಿ. ಹುಟ್ಟಿನಿಂದ ಬಂದ ಈ ವ್ಯತ್ಯಾಸವನ್ನು ಗುಣಪಡಿಸುವ ಔಷಧ ಸಿಗುವುದಿಲ್ಲ. ಪೆಟ್ಟು ಮಾತ್ರ ಧಾರಾಳವಾಗಿ ಸಿಗುತ್ತಿದೆ. ಅದನ್ನು ಇಂದೇ ನಿಲ್ಲಿಸಿ. ಮಗುವನ್ನು ಹತ್ತಿರ ಕೂರಿಸಿಕೊಂಡು ಮೊದಲು ಕೇಳಿ: ನಿನಗೆ ಹೇಗೆ ಕಾಣುತ್ತದೆ?