ನೆಲದಿಂದ ಎರಡೂವರೆ ಅಡಿ

ತಪ್ಪು ಆರ್ಕಿಟೆಕ್ಟಮ್ಮನದೇ. ಹಿಂದೊಂದು ಶಿಶುವಿಹಾರಕ್ಕೆ ಮಾಡಿದ್ದ ನಕ್ಷೆಯಿಂದ ಒಂದು ಕೋಣೆಯ ವೈರಿಂಗ್ ವಿವರವನ್ನು ಎತ್ತಿ ಈ ಬಂಗಲೆಯ ನಕ್ಷೆಗೆ ಅಂಟಿಸಿದ್ದಳು. ಎಲ್ಲವನ್ನೂ ತಿದ್ದಿ ಒಂದು ಸಾಲನ್ನು ಮರೆತಳು: ಸ್ವಿಚ್ ಬೋರ್ಡ್ ನೆಲದಿಂದ ಎರಡೂವರೆ ಅಡಿ. ಊರಿಗೆಲ್ಲ ಬುದ್ಧಿ ಹೇಳುವವಳು ಇಷ್ಟು ಸಣ್ಣದಕ್ಕೆ ಎಡವಿದ್ದಳು.

ವೈರಿಂಗ್ ಮೇಸ್ತ್ರಿಯಾದರೂ ಒಂದು ಮಾತು ಕೇಳಬಹುದಿತ್ತಲ್ಲ? "ತಲೆ ಓಡಿಸಿದ್ರೂ ಬೈತೀರಿ, ಓಡಿಸದಿದ್ರೂ ಬೈತೀರಿ ಮೇಡಂ. ನಕ್ಷೇಲಿದ್ದದ್ದು ಮಾಡಿದೀನಿ," ಎಂದು ಆ ಮಹಾನುಭಾವ ಕೈ ತೊಳೆದುಕೊಂಡ.

ಬಂಗಲೆ ಕಟ್ಟಿಸುತ್ತಿದ್ದ ಯಜಮಾನರ ಬೇಡಿಕೆ ಒಂದೇ ಆಗಿತ್ತು. ಹಳೆಯ ಮನೆಯ ಒಂದು ನೆನಪೂ ಇಲ್ಲಿ ಬರಕೂಡದು. ಅದಕ್ಕೇ ಗೋಡೆಯ ಜಾಗದಲ್ಲಿ ಗಾಜು, ಹಜಾರದ ಅಂಚಿನವರೆಗೂ ಈಜುಕೊಳದ ನೀರು, ಹಿಡಿಯೇ ಇಲ್ಲದ ಕಪಾಟುಗಳು. ಎಂಟು ತಿಂಗಳ ಮಾತುಕತೆಯಲ್ಲಿ ಅವರ ಹೆಂಡತಿ ಬೇಕು ಅನ್ನಲಿಲ್ಲ, ಬೇಡ ಅನ್ನಲಿಲ್ಲ.

ಕೆಲಸ ಮುಗಿಯುತ್ತಾ ಬಂದಾಗ ಇಬ್ಬರೂ ನೋಡಲು ಬಂದರು. ಮಹಡಿಯ ಕೊನೆಯ ಕೋಣೆಯಲ್ಲಿ ಆಕೆ ಗಕ್ಕನೆ ನಿಂತರು. ಮೊಣಕಾಲೂರಿ ಕೂತು ಆ ಸ್ವಿಚ್ಚನ್ನು ಸವರಿದರು.

"ತಪ್ಪಾಗಿದೆ. ನಾಳೆಯೇ ಮೇಲೆತ್ತಿಸ್ತೀನಿ," ಎಂದಳು ಆರ್ಕಿಟೆಕ್ಟಮ್ಮ, ನಾಚಿಕೆಯಿಂದ ನೆಲ ನೋಡುತ್ತಾ.

"ಇದನ್ನ ಮುಟ್ಟಿದ್ರೆ ನಾನು ಈ ಮನೆಗೆ ಬರಲ್ಲ," ಎಂದರು ಹೆಂಡತಿ.

"ಇದು ಇಲ್ಲಿದ್ರೆ ನಾನು ಬರಲ್ಲ," ಎಂದರು ಗಂಡ. ಅವರ ಮುಖದಲ್ಲಿ ಕಳೆಯಿರಲಿಲ್ಲ.

ಮೆಟ್ಟಿಲಿಳಿಯುವಾಗ ಆಕೆ ತಗ್ಗಿದ ದನಿಯಲ್ಲಿ ಹೇಳಿದರು: "ನಮ್ಮ ಮಗಳಿಗೆ ಕತ್ತಲು ಅಂದ್ರೆ ಭಯ. ಹಳೇ ಮನೇಲಿ ಸ್ವಿಚ್ಚು ಎಟುಕ್ತಿರಲಿಲ್ಲ. ಕೆಳಗಿಳಿಸಿ ಕೊಡಿ ಅಂತ ವರ್ಷವಿಡೀ ಇವರಿಗೆ ಹೇಳಿದೆ. ನಾಳೆ ನಾಳೆ ಅಂದ್ರು. ಸ್ಟೂಲ್ ಹತ್ತಿ ಬಿದ್ಲು. ಬಿದ್ದವಳು ಏಳಲೇ ಇಲ್ಲ. ಐದು ವರ್ಷ ಅವಳಿಗೆ." ಅವತ್ತೇ ಆಕೆ ತಂಗಿಯ ಊರಿಗೆ ಹೊರಟುಹೋದರು.

ಆರ್ಕಿಟೆಕ್ಟಮ್ಮನಿಗೆ ಅತ್ತ ದರಿ ಇತ್ತ ಪುಲಿ. ಎತ್ತಿಸಿದರೆ ಹೆಂಡತಿ ಇಲ್ಲ, ಬಿಟ್ಟರೆ ಗಂಡ ಇಲ್ಲ. ಒಂದು ಸಂಸಾರ ಅವಳ ಒಂದು ಸಾಲಿನ ಮೇಲೆ ನಿಂತಿತ್ತು.

ಆಮೇಲೆ ದೀಪದ ಕಾಟ ಶುರುವಾಯಿತು. ಮಧ್ಯಾಹ್ನ ಹೋದರೆ ಗಾಜಿನ ತುಂಬ ಬಿಸಿಲು, ಆದರೂ ಕೊನೆಯ ಕೋಣೆಯಲ್ಲಿ ದೀಪ ಉರಿಯುತ್ತಿರುತ್ತಿತ್ತು. ಬಣ್ಣದವರನ್ನು ಬೈದಳು, ಬಡಗಿಯನ್ನು ಬೈದಳು. ಕೊನೆಗೆ ಅವರ ಕೆಲಸವೂ ಮುಗಿದು ಬೈಯಲು ಯಾರೂ ಉಳಿಯಲಿಲ್ಲ. ಕಾವಲಿನವನು ಹೊರಗಿನ ಒಂದು ನರಪಿಳ್ಳೆಯೂ ಒಳಗೆ ಹೋಗಿಲ್ಲ ಎಂದು ಆಣೆ ಮಾಡಿದ. ಒಂದು ದಿನ ಬಾಗಿ ಆರಿಸುವಾಗ ಸ್ವಿಚ್ಚಿನ ಕೆಳಗಂಚಿನಲ್ಲಿ ಬೆರಳ ಗುರುತು ಕಂಡಿತು. ಕಡಲೆಕಾಳಿನಷ್ಟಿತ್ತು. ಅವಳು ಒರೆಸಲಿಲ್ಲ. ಮೆಟ್ಟಿಲನ್ನು ಎರಡೆರಡಾಗಿ ಇಳಿದು ಕಾರಿನಲ್ಲಿ ಕೂತು ಬಾಗಿಲು ಹಾಕಿಕೊಂಡಳು.

ಅಷ್ಟರಲ್ಲಿ ಯಜಮಾನರ ಫೋನು: "ನಾಳೆ ಎತ್ತಿಸಿಬಿಡಿ. ಇನ್ನು ನನ್ನ ಕೈಲಾಗಲ್ಲ."

ಮರುದಿನ ಬೆಳಿಗ್ಗೆ ಹನ್ನೊಂದಕ್ಕೆ ಅವಳು ಆ ಕೋಣೆಗೆ ಹೋದಳು; ಮೇಸ್ತ್ರಿ ಉಳಿ, ಸುತ್ತಿಗೆ ಹಿಡಿದು ಹಿಂದೆ ಬಂದ. ದೀಪ ಉರಿಯುತ್ತಿತ್ತು. ಸ್ವಿಚ್ಚಿನ ಪಕ್ಕದಲ್ಲಿ ಯಜಮಾನರು ನೆಲದ ಮೇಲೆ ಕೂತಿದ್ದರು.

ಆರ್ಕಿಟೆಕ್ಟಮ್ಮನಿಗೆ ಹೋದ ಜೀವ ಬಂದಂತಾಯಿತು. "ಅಬ್ಬಾ! ದೀಪ ಹಾಕ್ತಿದ್ದವರು ನೀವೇನಾ? ನಾನು ಏನೇನೋ ಅಂದ್ಕೊಂಡಿದ್ದೆ!"

ಅವರು ಇಲ್ಲವೆಂದು ತಲೆಯಾಡಿಸಿದರು. "ದಿನಾ ಸಂಜೆ ಬರ್ತೀನಿ, ನಿಜ. ಆದ್ರೆ ನಾನು ಬರೋದು ಆರಿಸೋಕೆ."

"ಮಧ್ಯಾಹ್ನ ನಾನೇ ಆರಿಸಿ ಹೋಗ್ತೀನಲ್ಲ?"

"ನಾನು ಬಂದಾಗ ಉರೀತಿರುತ್ತೆ."

ಮೇಸ್ತ್ರಿ ಒಬ್ಬನಿಗೆ ಇದಾವುದರ ತಲೆಬುಡ ತಿಳಿಯದು. ಪಾಪ, ಗೋಡೆಗೆ ಗುರುತು ಹಾಕಲು ಪೆನ್ಸಿಲ್ ತೆಗೆದ.

ಯಜಮಾನರು ಸ್ವಿಚ್ಚಿನ ಮೇಲೆ ಅಂಗೈ ಮುಚ್ಚಿದರು. "ಬೇಡಪ್ಪಾ," ಎಂದು ಇನ್ನೊಂದು ಕೈಯಲ್ಲಿ ಫೋನು ತೆಗೆದರು. ಆ ಕಡೆ ಹೆಂಡತಿ ಎತ್ತಿಕೊಳ್ಳುವವರೆಗೂ ಅಳು ತಡೆದುಕೊಂಡಿದ್ದರು.

"ಸ್ವಿಚ್ಚು ಕೆಳಗಿಳಿಸಿದೀನಿ ಕಣೇ," ಎಂದರು. "ಅವಳಿಗೆ ಎಟುಕುತ್ತೆ. ಬಾ."

ದೀಪ ಆರಿಸಲು ಮೂವರಲ್ಲಿ ಯಾರೂ ಕೈ ಚಾಚಲಿಲ್ಲ.